ಚರಗ ಉಂಡವರು

ಹೊಂಡದಕಟ್ಟಿಯಲ್ಲಿ ಮುದುಕವ್ವನ ಬಾಯಿಗೆ ಸಿಕ್ಕು ಪಾರಾದವರು ಕಡಿಮೆ. ಮುಂಡರಗಿ ರಸ್ತೆ ಬಿಟ್ಟು ಕಪ್ಪತಗುಡ್ಡದ ಕಡೆ ಹೊರಳಿದರೆ ಗುಡ್ಡದ ಮಗ್ಗುಲಿಗೆ ಒತ್ತಿಕೊಂಡಿರುವ ಊರು ಅದು. ಪಂಚಾಯತಿ ಅಧ್ಯಕ್ಷ ಸುಭಾಸ, ಎದುರಿಗೆ ಆಕೆ ಬರುವುದು ಕಂಡರೆ ಮೊಬೈಲು ಕಿವಿಗೆ ಹಚ್ಚಿಕೊಂಡು, ಆ ಕಡೆ ಯಾರೂ ಇಲ್ಲದಿದ್ದರೂ "ಹೂಂ ಸರ, ಆತು ಸರ" ಎನ್ನುತ್ತ ಓಣಿ ಬದಲಿಸುತ್ತಿದ್ದ. ಊರ ಹಿರಿಯ ಫಕ್ಕೀರಪ್ಪ ಅಷ್ಟು ಜಾಣನಲ್ಲ. ಆತ ಕಟ್ಟೆಯ ಮೇಲೆ ಕೂತಲ್ಲೇ ಕೂತು ಬೈಸಿಕೊಳ್ಳುತ್ತಿದ್ದ.

ಹಾಗಂತ ಆಕೆ ಹುಟ್ಟಾ ಬಾಯಿಬಡುಕಿಯಲ್ಲ. ಶಿಗ್ಲಿಯಿಂದ ಸೊಸೆಯಾಗಿ ಬಂದಾಗ ಆಕೆಯ ಧ್ವನಿ ಹೇಗಿದೆ ಎಂಬುದೂ ನೆರೆಮನೆಯವರಿಗೆ ಗೊತ್ತಿರಲಿಲ್ಲವಂತೆ. ಗಂಡ ಸತ್ತ ಮೇಲೆ ಬಾಯಿ ಬಂತು. ಮಗ ಹನಮಂತ ಆಗಿನ್ನೂ ಕನ್ನಡ ಶಾಲೆಗೆ ಹೋಗುತ್ತಿದ್ದ. ಮೈದುನ ಪ್ರತಿ ವರ್ಷ ಮಳೆಗಾಲ ಬಂದೊಡನೆ ಬದುವನ್ನು ಒಂದು ಗೇಣು ಈಕೆಯ ಹೊಲದ ಕಡೆ ತಳ್ಳುತ್ತಿದ್ದ. ಹಿರಿಯರ ಮುಂದೆ ಅತ್ತಳು, ಅವರು ಗಡ್ಡ ಕೆರೆದುಕೊಂಡರು. ಕೊನೆಗೆ ಆಕೆಯನ್ನು ಕಾಪಾಡಿದ್ದು ಹಿರಿಯರಲ್ಲ, ಒಂದು ಊಟ.

ಎಳ್ಳ ಅಮಾವಾಸ್ಯೆಯ ದಿನ ಈ ಸೀಮೆಯ ಒಕ್ಕಲುತನದ ಮನೆಗಳೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತವೆ. ಬನ್ನಿಗಿಡದ ಕೆಳಗೆ ಐದು ಕಲ್ಲು ಇಟ್ಟು ಪೂಜೆ ಮಾಡುತ್ತಾರೆ, "ಹುಲ್ಲುಲ್ಲಿಗೋ" ಎಂದು ಕೂಗುತ್ತ ಬೆಳೆಯ ಸಾಲಿನಲ್ಲಿ ಅಡುಗೆ ಚೆಲ್ಲುತ್ತಾರೆ. ಅದೇ ಚರಗ. ಆಮೇಲೆ ದಾರಿಯಲ್ಲಿ ಹೋಗುವವರನ್ನೂ ಕರೆದು ಕೂರಿಸಿ ಉಣ್ಣುತ್ತಾರೆ. ಇಷ್ಟು ಎಲ್ಲ ಕಡೆ ಇದೆ. ಹೊಂಡದಕಟ್ಟಿಯವರಿಗೆ ಇದರ ಮೇಲೆ ಇನ್ನೊಂದು ಕಟ್ಟಳೆ. ಒಂದು ಹೊಲದ ಚರಗ ಉಂಡವನು ಮುಂದಿನ ಎಳ್ಳ ಅಮಾವಾಸ್ಯೆಯವರೆಗೆ ಆ ಹೊಲದವರ ಮೇಲೆ ಬದುವಿನ ಜಗಳ, ದಾರಿಯ ಜಗಳ ತೆಗೆಯುವಂತಿಲ್ಲ. ಉಣಿಸಿದವನೂ ತೆಗೆಯುವಂತಿಲ್ಲ.

ಮುದುಕವ್ವ ಆ ವರ್ಷ ಮೈದುನನ ಮನೆಯ ಬಾಗಿಲಿಗೆ ಹೋಗಿ ಚರಗಕ್ಕೆ ಕರೆದಳು. ಕರೆದ ಮೇಲೆ ಬರುವುದಿಲ್ಲ ಎಂದರೆ ಊರು ಉಗುಳುತ್ತದೆ. ಬಂದ, ಉಂಡ, ಬದುವಿನ ಕಡೆ ಒಂದು ವರ್ಷ ಸಲಿಕೆ ಒಯ್ಯಲಿಲ್ಲ. ಮುಂದಿನ ವರ್ಷವೂ ಕರೆದಳು, ಅದರ ಮುಂದಿನ ವರ್ಷವೂ ಕರೆದಳು. ಕಡಬು ಹೋಳಿಗೆ ಉಣಿಸಿ ಉಣಿಸಿಯೇ ಆ ಮನುಷ್ಯ ಸಾಯುವ ತನಕ ಹೊಲ ಉಳಿಸಿಕೊಂಡಳು. ಹಾಗಾಗಿ ಕೋರ್ಟು, ಕಚೇರಿ, ಸರ್ವೆ ಇವುಗಳ ಮೇಲೆ ಇಲ್ಲದ ನಂಬಿಕೆ ಆಕೆಗೆ ಆ ಊಟದ ಮೇಲಿತ್ತು. ಆಕೆ ಮುಗ್ಗರಿಸಿದ್ದೂ ಅಲ್ಲೇ.

ಗುಡ್ಡಕ್ಕೆ ಇತ್ತೀಚೆಗೆ ಒಂದು ಹೊಸ ರೋಗ ಬಂದಿತ್ತು, ಅದರ ಹೆಸರು ಶನಿವಾರ ಭಾನುವಾರ. ಮಳೆ ಬಿದ್ದು ಗುಡ್ಡ ಹಸಿರಾಯಿತೆಂದರೆ ಸಾಕು, ಹುಬ್ಬಳ್ಳಿ, ಗದಗ, ಕೊಪ್ಪಳದಿಂದ ಕಾರುಗಳು ಸಾಲುಗಟ್ಟುತ್ತಿದ್ದವು. ಬಂದವರು ಗಾಳಿಯಂತ್ರದ ಮುಂದೆ ಕೈ ಚಾಚಿ ನಿಂತು ಫೋಟೋ ತೆಗೆಸಿಕೊಂಡು, ಕುರುಕುರೆ ತಿಂದು, ಪಾಕೀಟನ್ನು ಹೆಸರುಕಾಳಿನ ಹೊಲದಲ್ಲಿ ಬಿಸಾಕಿ, "ಏನ್ ಶಾಂತಿ ಐತಿಲೇ ಇಲ್ಲಿ" ಎಂದು ಹಾರ್ನು ಬಾರಿಸುತ್ತ ಹೋಗುತ್ತಿದ್ದರು. ಸುಭಾಸನಿಗೆ ಇದರಲ್ಲಿ ಊರಿನ ಉದ್ಧಾರ ಕಂಡಿತು. ಗ್ರಾಮಸಭೆಯಲ್ಲಿ ಎದ್ದುನಿಂತು, "ನಮ್ಮೂರು ಟೂರಿಸಂ ಊರಾಗತೈತಿ" ಎಂದು ಸಾರಿದ. ಕುಡಿಯುವ ನೀರಿನ ಟ್ಯಾಂಕು ಸೋರುತ್ತದೆ ಎಂದು ಹೆಂಗಸರು ಹೇಳಲು ಬಂದಿದ್ದ ಸಭೆ ಅದು. ಟ್ಯಾಂಕಿನ ಮಾತು ಅಂದು ಬರಲೇ ಇಲ್ಲ.

ಆ ಮಾತು ಕೇಳಿದಂತೆ ಗದಗ-ಬೆಟಗೇರಿಯಿಂದ ವಿಶಾಲ ಬಂದ. ಲಾರಿ ವ್ಯವಹಾರದ ಮನೆತನ, ಬಿಳಿ ಬೂಟು, ಬಾಯಿ ತುಂಬ ಸಕ್ಕರೆ. ಗುಡ್ಡದ ಬುಡದಲ್ಲಿ ಅಣ್ಣತಮ್ಮಂದಿರ ಮೂರು ಹೊಲ ಕೂಡಿಸಿ ಖರೀದಿ ಹಿಡಿದು, ಬೇಸಾಯದ ಭೂಮಿಯನ್ನು ಬಿನಶೇತ್ಕಿ, ಅಂದರೆ ಬೇಸಾಯಕ್ಕಲ್ಲದ ಭೂಮಿ ಮಾಡಿಸಿ, "ಹಸಿರುಗಾಳಿ ರಿಸಾರ್ಟ್" ಎಂದು ಬೋರ್ಡು ನೆಟ್ಟ. ಇದ್ದ ಬೇವಿನಗಿಡ, ಜಾಲಿಗಿಡ ಕಡಿಸಿ ಹಸಿರುಗಾಳಿ ಎಂದು ಬರೆಸಲು ಎಂಥ ಗುಂಡಿಗೆ ಬೇಕು ನೋಡಿ. ಆ ಮೂರು ಹೊಲದ ನಡುವೆ ಹಾದು ಒಂದು ಬಂಡಿದಾರಿ ಹಿಂದಿನ ಹೊಲಗಳಿಗೆ ಹೋಗುತ್ತಿತ್ತು. ಫಕ್ಕೀರಪ್ಪನ ಹೊಲ, ಇನ್ನೆರಡು ಮನೆಯವರ ಹೊಲ, ಎಲ್ಲಕ್ಕೂ ಕೊನೆಗೆ ಮುದುಕವ್ವನದು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಹಳ್ಳ. ಆ ದಾರಿ ಬಿಟ್ಟರೆ ಬಂಡಿ ಹೊಡೆಯಲು ಬೇರೆ ದಾರಿಯಿಲ್ಲ.

ಬೋರ್ಡು ನೆಟ್ಟ ವರ್ಷದ ಎಳ್ಳ ಅಮಾವಾಸ್ಯೆಗೆ ವಿಶಾಲ ಇಬ್ಬರು ಗೆಳೆಯರ ಜೊತೆ ಮುದುಕವ್ವನ ಹೊಲದ ತನಕ ನಡೆದುಬಂದ. ಒಬ್ಬನ ಕೈಯಲ್ಲಿ ಕ್ಯಾಮೆರಾ ಇತ್ತು.

"ಅಮ್ಮಾರ, ನಮಗೂ ಒಂದ್ ರೊಟ್ಟಿ ಸಿಗತೈತೇನ್ರಿ?"

"ಕುಂಡ್ರಿ. ಚರಗದ ದಿನ ಕೇಳಿ ಉಣ್ಣೂ ರೂಢಿ ನಮ್ಮಲ್ಲಿಲ್ಲ," ಎಂದಳು ಮುದುಕವ್ವ.

ಸೊಸೆ ಅನ್ನಪೂರ್ಣ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಕಡಬು, ಮೊಸರು ಬಡಿಸಿದಳು. ವಿಶಾಲ ಚಟ್ನಿ ನೆಕ್ಕಿದ, ಕಡಬಿನ ಮೇಲೆ ತುಪ್ಪ ಹಾಕಿಸಿಕೊಂಡ, ಕ್ಯಾಮೆರಾದ ಕಡೆ ಮುಖ ಮಾಡಿ "ಇದು ನೋಡ್ರಿ ನಮ್ಮ ಸಂಸ್ಕೃತಿ" ಎಂದ. ಎರಡನೆಯ ಸಲ ಬಡಿಸುವಾಗ ಮುದುಕವ್ವ ತಾನೇ ಎದ್ದು ಬಂದು ಕೈತುಂಬ ಬಡಿಸಿದಳು. ಮೈದುನನಿಗೆ ಬಡಿಸುತ್ತಿದ್ದ ಕೈ ಅದು. ದಾರಿಯ ಚಿಂತೆ ಇನ್ನಿಲ್ಲ ಎಂದು ಆಕೆಯ ಮನಸ್ಸು ಹಗುರವಾಗಿತ್ತು.

ಮನೆಗೆ ಬಂದ ಮೇಲೆ ಅನ್ನಪೂರ್ಣ ಮೆಲ್ಲಗೆ ತೆಗೆದಳು. "ಅತ್ತಿ, ಫಕ್ಕೀರಪ್ಪ ಮಾವಾರು ದಾರಿ ಬಂದ್ ಆಗೂ ಮೊದಲ ಮುಂಡರಗಿ ತಾಲೂಕ ಕಚೇರಿಗೆ ಅರ್ಜಿ ಕೊಡೂಣ ಅನ್ನಾಕತ್ತಾರ. ನಾವೂ ಹೆಸರ ಹಚ್ಚೂಣೇನ್ರಿ?"

"ಉಂಡ ಎಲಿ ಇನ್ನ ಒಣಗಿಲ್ಲ, ಉಂಡಾವನ ಮ್ಯಾಲ ಅರ್ಜಿ ಕೊಡೂದ? ನಮ್ಮ ಮನಿ ಹೆಣ್ಣಮಕ್ಳ ಬಾಯಾಗ ಬರೂ ಮಾತಲ್ಲ ಇದು."

ಅನ್ನಪೂರ್ಣ ಗದುಗಿನ ಹತ್ತಿರದ ಹಿರೇಹಂದಿಗೋಳದ ಹುಡುಗಿ. ಅವರ ಊರಿನಲ್ಲಿ ಉಂಡವರೇ ಮರುದಿನ ಬದು ಕಡಿದದ್ದನ್ನು ಕಂಡಿದ್ದಳು. ಆದರೂ ಅತ್ತೆಯ ಮಾತು ಮೀರಲಿಲ್ಲ. ಫಕ್ಕೀರಪ್ಪ ಮತ್ತು ಇನ್ನೆರಡು ಮನೆಯವರು ಅರ್ಜಿ ಕೊಟ್ಟರು, ಮುದುಕವ್ವನ ಮನೆಯವರು ಕೊಡಲಿಲ್ಲ.

ಉಳ್ಳಾಗಡ್ಡಿ ಹಚ್ಚುವ ಕಾಲಕ್ಕೆ ತಂತಿಬೇಲಿ ಎದ್ದಿತು. ದಾರಿಗೆ ಅಡ್ಡವಾಗಿ ಕಬ್ಬಿಣದ ಗೇಟು ನಿಂತಿತು, ಗೇಟಿಗೆ ಟೊಪ್ಪಿಗೆಯ ಕಾವಲುಗಾರನೊಬ್ಬ ಬಂದ. ಬೀಜ ಗೊಬ್ಬರ ಹೇರಿದ ಬಂಡಿಯನ್ನು ಹನಮಂತ ಗೇಟಿನ ತನಕ ಒಯ್ದು ಮರಳಿ ತಂದ. ಮುದುಕವ್ವ ಸೆರಗು ಬಿಗಿದುಕೊಂಡು ತಾನೇ ಹೋದಳು.

ವಿಶಾಲ ಒಳಗೆ ಈಜುಗೊಳಕ್ಕೆ ಟೈಲ್ಸು ಆರಿಸುತ್ತಿದ್ದ. ಆಕೆಯನ್ನು ಕಂಡು ಕೈಮುಗಿದ, ಕುರ್ಚಿ ತರಿಸಿದ. ಆಕೆ ಕೂರಲಿಲ್ಲ.

"ಚರಗ ಉಂಡಿ ಹೌದಿಲ್ಲೋ?"

"ಉಂಡೇನ್ರಿ ಅಮ್ಮಾರ. ಭಾಳ ರುಚಿ ಇತ್ತು. ಆ ವಿಡಿಯೋ ಎಷ್ಟ್ ಮಂದಿ ನೋಡ್ಯಾರ ಅಂತೀರಿ!"

"ಮತ್ತ ದಾರಿ ಯಾಕ ಕಟ್ಟಿ?"

"ಊಟ ಬ್ಯಾರೆ, ದಾರಿ ಬ್ಯಾರೆರಿ. ಇದು ನನ್ನ ಖರೀದಿ ಜಾಗಾ," ಎಂದ ವಿಶಾಲ ನಗುನಗುತ್ತ. ಆ ನಗು ಕಂಡು ಮುದುಕವ್ವನ ಮೈಯೆಲ್ಲ ಉರಿಯಿತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು.

ಪಂಚಾಯತಿ ಕೂಡಿತು. ಅಂಥ ಪಂಚಾಯತಿಗೆ ಹೋಗುವುದಕ್ಕಿಂತ ಮನೆಯಲ್ಲಿ ಕೂತು ನೊಣ ಹೊಡೆಯುವುದು ಲೇಸು. ಸುಭಾಸ ಅಧ್ಯಕ್ಷ. ಈಜುಗೊಳದ ಕಾಂಟ್ರಾಕ್ಟು ಸುಭಾಸನ ಹೆಂಡತಿಯ ತಮ್ಮನದು. ಉಳಿದವರಲ್ಲಿ ಒಬ್ಬನ ಮಗ ಅಲ್ಲೇ ಮಾಲಿ, ಇನ್ನೊಬ್ಬನ ಮನೆಯಿಂದ ಅಲ್ಲಿಗೆ ಹಾಲು. ಫಕ್ಕೀರಪ್ಪ ಮಾತ್ರ ಗಂಟಲು ಸರಿಮಾಡಿಕೊಂಡು ಊರಿನ ಕಟ್ಟಳೆಯನ್ನು ವಿಶಾಲನಿಗೆ ಮೊದಲಿನಿಂದ ವಿವರಿಸಿದ. ಉಂಡವನಿಗೆ ಯಾವ ಕಟ್ಟು, ಉಣಿಸಿದವನಿಗೆ ಯಾವ ಕಟ್ಟು, ಅದು ಎಲ್ಲಿಯ ತನಕ, ಎಲ್ಲ ಹೇಳಿದ. ವಿಶಾಲ ತಲೆಯಲ್ಲಾಡಿಸುತ್ತ ಕೇಳಿದ, ಒಂದೆರಡು ಪ್ರಶ್ನೆಯನ್ನೂ ಹಾಕಿದ.

"ಅಂದ್ರ ಉಂಡಾವ್ರು ಒಂದ್ ವರ್ಷ ಜಗಳ ತಗಿಯಂಗಿಲ್ಲ?"

"ತಗಿಯಂಗಿಲ್ಲ," ಎಂದ ಫಕ್ಕೀರಪ್ಪ, ಹೆಮ್ಮೆಯಿಂದ.

"ಹಂಗಂದ್ರ ಈ ಅಮ್ಮಾರೂ ತಗಿಯಂಗಿಲ್ಲಲ್ರಿ. ಉಣಿಸ್ಯಾರ ಅವರ."

ಸಭೆಯಲ್ಲಿ ಕೆಲವರು ನಕ್ಕರು. ವಿಶಾಲ ಹೇಳಿದ್ದು ಸರಿಯಾಗಿತ್ತು. ಮುದುಕವ್ವನ ಕೈಯನ್ನು ಆಕೆಯ ಅಡುಗೆಯೇ ಕಟ್ಟಿಹಾಕಿತ್ತು, ಅವನು ಮಾತ್ರ ಕೈ ಬೀಸಿಕೊಂಡು ತಿರುಗುತ್ತಿದ್ದ.

ಸುಭಾಸ ರಾಜಿ ಮಾಡಿಸಿದ. ಬಂಡಿ ಬಿಡುತ್ತಾರಂತೆ, ಆದರೆ ಬೆಳಿಗ್ಗೆ ರಿಸಾರ್ಟಿಗೆ ಬಂದವರು ನಾಷ್ಟಾಕ್ಕೆ ಕೂತ ಹೊತ್ತಿಗೆ ಮಾತ್ರ. ಎತ್ತಿಗೆ ಜೂಲು ಹೊದಿಸಿ ಗೆಜ್ಜೆ ಕಟ್ಟಿರಬೇಕು. ಗೊಬ್ಬರ ಹೇರಬಾರದು. ಸಾಧ್ಯವಾದರೆ ಮುದುಕವ್ವ ಇಳಕಲ್ ಸೀರೆ ಉಟ್ಟು ಬಂಡಿಯಲ್ಲಿ ಕೂತಿದ್ದರೆ ಇನ್ನೂ ಚೆಲೋ, ಬಂದವರು ಹಳ್ಳಿ ನೋಡಿದಂತಾಗುತ್ತದೆ.

"ಥೂ ನಿಮ್ಮ! ನನ್ನ ಹೊಲಕ್ಕ ನಾ ಹೋಗಾಕ ಸೋಗ ಹಾಕ್ಕೊಂಡು ಹೋಗಬೇಕೇನಲೇ?" ಎಂದು ಎದ್ದುಬಂದಳು. ಹೊಲ ಬೇಕು, ಹೊಲದವರು ಬೇಡ. ಹೊಲದವರು ಬೇಕಾದರೂ ಗೊಂಬೆಗಳಾಗಿ ಬೇಕು, ಅದೂ ಸೆಗಣಿಯ ವಾಸನೆ ಇಲ್ಲದಂತೆ. ಪಟ್ಟಣದವರ ಹಳ್ಳಿಪ್ರೀತಿ ಇಷ್ಟೇ.

ಹನಮಂತನಿಗೆ ಅಷ್ಟು ರೋಷ ಇರಲಿಲ್ಲ. ಮಗ ಒಳ್ಳೆಯವನೇ, ಆದರೆ ಬೆನ್ನೆಲುಬು ಮೆತ್ತಗೆ. ಹಳ್ಳ ಹಾಯ್ದು ತಲೆಯ ಮೇಲೆ ಬೀಜ ಹೊತ್ತು ಹಚ್ಚಿದ ಉಳ್ಳಾಗಡ್ಡಿ ಹೊಲದಲ್ಲೇ ಕೊಳೆತರೆ ಹೇಗೆ ಎಂದು ಹೆದರಿ, ತಾಯಿಗೆ ಹೇಳದೆ ಎತ್ತಿಗೆ ಜೂಲು ಹೊದಿಸಿ ಬಂಡಿ ಹೊಡೆದ. ಗಾಜಿನ ಹಿಂದೆ ಇಡ್ಲಿ ತಿನ್ನುತ್ತ ಕೂತವರು ಮೊಬೈಲು ಎತ್ತಿ ಹಿಡಿದರು. ಒಬ್ಬಳು ಹೊರಗೆ ಓಡಿಬಂದು, "ಅಣ್ಣಾ, ಒಮ್ಮೆ ಹಿಂದಕ್ಕೆ ಹೋಗಿ ಮತ್ತೆ ಬರ್ತೀರಾ?" ಎಂದಳಂತೆ. ಹನಮಂತ ಹಿಂದಕ್ಕೆ ಹೋಗಿ ಮತ್ತೆ ಬಂದ. ಈ ಖಬರು ತಾಯಿಯ ಕಿವಿಗೆ ಬಿದ್ದ ದಿನ ಆಕೆ ಬೈಯಲಿಲ್ಲ, ಒಲೆಯ ಮುಂದೆ ಕೂತು ಅತ್ತಳು. ಅತ್ತೆ ಅಳುವುದನ್ನು ಅನ್ನಪೂರ್ಣ ನೋಡಿದ್ದು ಅದೇ ಮೊದಲು.

ಅರ್ಜಿ ಮಾತ್ರ ತನ್ನ ಪಾಡಿಗೆ ಮೇಜಿನಿಂದ ಮೇಜಿಗೆ ಹೋಗುತ್ತಿತ್ತು. ಎಳ್ಳ ಅಮಾವಾಸ್ಯೆ ಇನ್ನೇನು ಬಂತು ಎನ್ನುವಾಗ ಖಬರು ಬಂತು. ಅಮಾವಾಸ್ಯೆ ಆದ ವಾರದಲ್ಲಿ ತಹಶೀಲ್ದಾರರೇ ಸ್ಥಳ ನೋಡಲು ಬರುತ್ತಾರೆ, ಅರ್ಜಿ ಕೊಟ್ಟವರೆಲ್ಲ ಹಾಜರಿದ್ದು ಹೇಳಿಕೆ ಕೊಡಬೇಕು. ಫಕ್ಕೀರಪ್ಪ ಕಟ್ಟೆಯ ಮೇಲೆ ಮೀಸೆ ತಿರುವಿದ. ಮುದುಕವ್ವ ಬೆರಳು ಮಡಿಚಿ ಲೆಕ್ಕ ಹಾಕಿದಳು. ಅಮಾವಾಸ್ಯೆ ಬಂದರೆ ತನ್ನ ಕಟ್ಟೂ ಬಿಚ್ಚುತ್ತದೆ, ತಾನೂ ಬಾಯಿ ತೆರೆಯಬಹುದು.

ಅದಕ್ಕೆ ಸರಿಯಾಗಿ ಮನೆಮನೆಗೆ ವಿಶಾಲನ ಕರೆ ಬಂತು. ಹಸಿರುಗಾಳಿಯಲ್ಲಿ ಈ ಸಲ ಊರಿಗೆಲ್ಲ ಚರಗದ ಊಟ. ಐದು ಕಲ್ಲಿನ ಪೂಜೆಯೂ ಇದೆ, ಹೋಳಿಗೆ, ಮಾದಲಿ, ಎಣ್ಣೆಗಾಯಿ, ಏನು ಬೇಕು ಅದು ಇದೆ. ಹೊರಗಿನಿಂದ ಬಂದವರು ನೋಡುತ್ತಾರೆ, ಎಲ್ಲರೂ ರುಮಾಲು ಸುತ್ತಿಕೊಂಡು ಬರಬೇಕು. ಸುಭಾಸ ಮೈಕು ಹಿಡಿದು ಓಣಿ ಓಣಿ ಸಾರಿದ.

ಮುದುಕವ್ವನಿಗೆ ತಕ್ಷಣ ತಿಳಿಯಿತು. ಊಟ ಬೇರೆ ದಾರಿ ಬೇರೆ ಎಂದು ನಕ್ಕವನು ಈಗ ಊರಿಗೆಲ್ಲ ಉಣಿಸಲು ಹೊರಟಿದ್ದಾನೆ. ಆ ಕಟ್ಟಳೆ ಅವನಿಗೆ ಬೇಕಾಗಿರಲಿಲ್ಲ, ಊರಿನವರಿಗೆ ಬೇಕು ಎಂಬುದಷ್ಟೇ ಅವನಿಗೆ ಸಾಕಾಗಿತ್ತು. ಕಟ್ಟೆಗೆ ಓಡಿದಳು.

"ಫಕ್ಕೀರಪ್ಪಣ್ಣಾ, ಉಣ್ಣಾಕ ಹೋಗಬ್ಯಾಡ್ರಿ. ಉಂಡ್ರ ನಿಮ್ಮ ಬಾಯಿ ಕಟ್ಟತೈತಿ. ತಹಶೀಲ್ದಾರ್ರ ಮುಂದ ಹೆಂಗ ಮಾತಾಡ್ತೀರಿ?"

ಫಕ್ಕೀರಪ್ಪ ರುಮಾಲಿನ ಅಂಚು ಎಳೆದುಕೊಂಡ. "ಚರಗಕ್ಕ ಕರದಾರ ಮುದುಕವ್ವಾ. ಒಲ್ಲೆ ಅನ್ನಾಕ ಬರೂದಿಲ್ಲ. ನೀನ ಹೇಳು, ನಮ್ಮ ಹಿರ್ಯಾರು ಯಾವಾಗರೆ ಒಲ್ಲೆ ಅಂದಾರೇನ?"

ಆಕೆಯೂ ಒಂದು ಕಾಲಕ್ಕೆ ಇದೇ ಮಾತಿನ ಬಲದಿಂದ ಮೈದುನನನ್ನು ಕರೆತಂದವಳು. ಕರೆದರೆ ಹೋಗಬೇಕು, ಉಂಡರೆ ಸುಮ್ಮನಿರಬೇಕು, ಎರಡೂ ನಿಯಮವನ್ನು ಊರು ಅಕ್ಷರಶಃ ಪಾಲಿಸಿತು. ಹೋಳಿಗೆಯ ಮೇಲೆ ತುಪ್ಪ ಎಷ್ಟು ಬೀಳುತ್ತದೆ ಎಂಬ ಮಾತು ಅದಕ್ಕೂ ಮೊದಲೇ ಓಣಿಯಲ್ಲಿ ಹಬ್ಬಿತ್ತು, ಅದೂ ಸ್ವಲ್ಪ ಸಹಾಯ ಮಾಡಿರಬೇಕು.

ಅಮಾವಾಸ್ಯೆಯ ದಿನ ಮುದುಕವ್ವ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಹಳ್ಳದೊಳಗಿಂದ ಕಲ್ಲು ಹಾಯ್ದು ಹೊಲಕ್ಕೆ ಹೋದಳು. ಜೊತೆಗೆ ಅನ್ನಪೂರ್ಣ ಒಬ್ಬಳೇ. ಹನಮಂತ ಎಲ್ಲಿ ಎಂದು ಕೇಳಿದ್ದಕ್ಕೆ, "ಹಿಂದಿಂದ ಬರತೇನಿ ಅಂದಾರ್ರಿ" ಎಂದಳು ಸೊಸೆ, ಮುಖ ಬೇರೆ ಕಡೆ ತಿರುಗಿಸಿ. ಹನಮಂತ ಬರಲಿಲ್ಲ. ರಿಸಾರ್ಟಿನ ಕಡೆಯಿಂದ ಮೈಕಿನಲ್ಲಿ "ಹುಲ್ಲುಲ್ಲಿಗೋ" ಎಂಬ ಕೂಗು ಬರುತ್ತಿತ್ತು. ಹುಲ್ಲುಹಾಸಿನ ಮೇಲೆ ಚರಗ ಚೆಲ್ಲುತ್ತಿದ್ದರು. ಅಲ್ಲಿ ಜೋಳವಿಲ್ಲ, ಕಡಲೆಯಿಲ್ಲ, ಕುಸುಬೆಯಿಲ್ಲ, ಯಾವ ಬೆಳೆಗೆ ಚೆಲ್ಲಿದರೋ ದೇವರೇ ಬಲ್ಲ. ಅತ್ತೆ ಸೊಸೆ ಐದು ಕಲ್ಲಿಗೆ ಕೈಮುಗಿದು ತಮ್ಮ ಕಡಲೆಯಲ್ಲಿ ತಾವು ಚೆಲ್ಲಿ, ಉಂಡು ಬಂದರು. ಆ ದಿನ ಆಕೆ ದಾರಿಯಲ್ಲಿ ಹೋಗುವ ಯಾರನ್ನೂ ಊಟಕ್ಕೆ ಕರೆಯಲಿಲ್ಲ. ದಾರಿಯೇ ಇರಲಿಲ್ಲ.

ತಹಶೀಲ್ದಾರರು ಹೇಳಿದ ದಿನವೇ ಬಂದರು. ಇನ್ನೂ ಚಿಕ್ಕ ವಯಸ್ಸಿನ ಹೆಣ್ಣುಮಗಳು, ಜೀಪಿನಿಂದ ಇಳಿದವರು ವಿಶಾಲ ಹಿಡಿದು ನಿಂತಿದ್ದ ಎಳನೀರು ಮುಟ್ಟಲಿಲ್ಲ. ಹುಲ್ಲುಹಾಸಿನ ಅಂಚಿನಲ್ಲಿ ಊರು ನೆರೆದಿತ್ತು.

"ಅರ್ಜಿದಾರರು ಯಾರು? ಮುಂದೆ ಬರ್ರಿ."

ಫಕ್ಕೀರಪ್ಪ ಬಂದ, ಹಿಂದೆ ಇನ್ನಿಬ್ಬರು. ಬಾಯಲ್ಲಿ ಕಡಬು ತುರುಕಿಕೊಂಡವರಂತೆ ನಿಂತರು.

"ಹೇಳ್ರಿ, ದಾರಿ ಎಲ್ಲಿತ್ತು?"

"ಅರ್ಜಿ... ಹಿಂದಕ್ಕ ತಗೋತೀವ್ರಿ," ಎಂದ ಫಕ್ಕೀರಪ್ಪ.

"ಯಾಕೆ? ಯಾರಾದರೂ ಹೆದರಿಸಿದರೇನು?"

"ಇಲ್ಲ ಇಲ್ರಿ, ಛೇ. ಉಂಡೇವ್ರಿ."

ಅಧಿಕಾರಿಗೆ ಏನೂ ಅರ್ಥವಾಗಲಿಲ್ಲ. ವಿಶಾಲ ಕೈಕಟ್ಟಿ ನೆಲ ನೋಡುತ್ತ ವಿನಯದಿಂದ ನಿಂತಿದ್ದ. ಗುಂಪಿನ ಹಿಂದಿನಿಂದ ಮುದುಕವ್ವ ಭುಜಗಳನ್ನು ಸರಿಸಿಕೊಂಡು ಬಂದಳು. ಅವಳು ಸರಿಸಿದ ಭುಜಗಳಲ್ಲಿ ಹನಮಂತನದೂ ಒಂದು. ಅವನ ತಲೆಯ ಮೇಲೆ ರಿಸಾರ್ಟಿನವರು ಹಂಚಿದ ಗುಲಾಬಿ ರುಮಾಲು ಇನ್ನೂ ಇತ್ತು. ಅದನ್ನು ನೋಡಿಕೊಂಡೇ ಮುಂದೆ ಬಂದಳು.

"ಅಕ್ಕಾರ, ಇವ್ರೆಲ್ಲ ಈತನ ಚರಗ ಉಂಡಾರ. ಅದಕ್ಕ ಬಾಯಿ ಬರೂದಿಲ್ಲ. ಉಣಿಸಿದ್ದ ಅದರ ಸಲುವಾಗಿ. ನಾ ಉಂಡಿಲ್ರಿ. ಕೊನಿ ಹೊಲ ನಂದ. ಅರ್ಜಿ ನಂದು ಬರಕೋರಿ, ದಾರಿ ನಾ ತೋರಸ್ತೇನಿ."

"ಅಮ್ಮಾರ, ಹೋದ ವರ್ಷ ನೀವ ನನಗ..." ಎಂದು ವಿಶಾಲ ನಡುವೆ ಬಾಯಿ ಹಾಕಿದ.

"ಹೋದ ವರ್ಷದ್ದು ಮೊನ್ನಿ ಅಮಾಸಿಗೆ ಮುಗೀತು. ನಿನಗ ಕಟ್ಟಳಿ ಇಷ್ಟ ಪಾಠ ಆಗೇತಿ, ಇದೂ ಗೊತ್ತಿರಬೇಕಲ್ಲ."

ಹುಲ್ಲುಹಾಸಿನ ಮೇಲೆ ಚಪ್ಪಲಿ ಮೆಟ್ಟಿಕೊಂಡೇ ನಡೆದಳು. ಎಲ್ಲ ಕಡೆ ಹಸಿರಾಗಿದ್ದ ಹುಲ್ಲು ಒಂದು ಕಡೆ ಮಾತ್ರ ಎರಡು ಉದ್ದನೆಯ ಹಳದಿ ಪಟ್ಟೆಯಾಗಿ ಒಣಗಿತ್ತು. ಅಜ್ಜ ಮುತ್ತಜ್ಜರ ಕಾಲದಿಂದ ಬಂಡಿಯ ಗಾಲಿ ತುಳಿದ ನೆಲ, ಕಲ್ಲಿನಂತೆ ಗಟ್ಟಿಯಾಗಿದ್ದ ಆ ಮಣ್ಣಿನಲ್ಲಿ ವಿಶಾಲನ ಹುಲ್ಲು ಬೇರು ಬಿಟ್ಟಿರಲಿಲ್ಲ. ಅಲ್ಲಿ ಎರಡು ಸಲ ಹುಲ್ಲು ಹಚ್ಚಿದ್ದೇನೆಂದು ಮಾಲಿಯೇ ಹೇಳಿಬಿಟ್ಟ, ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ತಹಶೀಲ್ದಾರರು ಆ ಪಟ್ಟೆಗಳ ನಡುವೆ ಹಿಂದಿನ ಬೇಲಿಯ ತನಕ ನಡೆದುಹೋದರು. ಬೇಲಿಯ ಆಚೆ ಅದೇ ಗಾಲಿಯ ಜಾಡು ಹೊಲಗಳ ಕಡೆ ಮುಂದುವರಿದಿತ್ತು. ಅಲ್ಲೇ ನಿಂತು ಮುದುಕವ್ವನ ಹೇಳಿಕೆ ಬರೆಸಿಕೊಂಡರು. ಗೇಟು ಇವತ್ತೇ ತೆಗೆಯಬೇಕು, ಅಳತೆ ಆಗಿ ಆದೇಶ ಬರುವ ತನಕ ಬಂಡಿ, ಟ್ರ್ಯಾಕ್ಟರು, ಗೊಬ್ಬರ ಯಾವುದನ್ನೂ ಯಾವ ಹೊತ್ತಿನಲ್ಲೂ ತಡೆಯಬಾರದು ಎಂದು ವಿಶಾಲನಿಗೆ ಬರೆದುಕೊಟ್ಟು ಹೋದರು.

ಮರುದಿನ ಬೆಳಿಗ್ಗೆ ಆ ದಾರಿಯಲ್ಲಿ ಮೊದಲ ಬಂಡಿ ಹೊಡೆದದ್ದು ಫಕ್ಕೀರಪ್ಪ. ತುಂಬ ತಿಪ್ಪೆಗೊಬ್ಬರ ಹೇರಿದ್ದ, ನಾಷ್ಟಾದ ಹೊತ್ತಿಗೇ ಹೊರಟಿದ್ದ. ಅವನ ಹಿಂದೆ ಉಳಿದ ಇಬ್ಬರು. ಇವರ ಕಟ್ಟಳೆಗೆ ಜಗಳ ತೆಗೆಯುವುದು ತಪ್ಪು, ಇನ್ನೊಬ್ಬರು ತೆಗೆದ ಜಗಳದಲ್ಲಿ ಗೆದ್ದ ದಾರಿಯ ಮೇಲೆ ಬಂಡಿ ಹೊಡೆಯುವುದು ತಪ್ಪಲ್ಲ. ಸುಭಾಸ ಕೂಡ ಊರಿನಲ್ಲಿ, "ದಾರಿ ಬಿಡಿಸಾಕ ನಾವ ಎಷ್ಟ್ ಓಡಾಡಿದ್ವಿ" ಎಂದು ಹೇಳಿಕೊಂಡು ತಿರುಗಿದ.

ಇದನ್ನೆಲ್ಲ ನೋಡಿ ಮುದುಕವ್ವ ಯಾರನ್ನೂ ಬೈಯಲು ಹೋಗಲಿಲ್ಲ. ಅಂದು ಮಧ್ಯಾಹ್ನ ಹನಮಂತ ಕೈಕಾಲು ತೊಳೆದು ಒಳಗೆ ಬಂದು, ಗೋಡೆಗೆ ಒರಗಿ, ತಲೆ ತಗ್ಗಿಸಿ ಗಂಗಾಳದ ಮುಂದೆ ಕೂತ. ಆಕೆ ಎರಡು ರೊಟ್ಟಿ ಹಾಕಿದಳು, ಪಲ್ಯ ಹಾಕಿದಳು, ಬೆಣ್ಣೆಯ ಉಂಡೆಯನ್ನೂ ಇಟ್ಟಳು. ತಾಯಿ ಬಡಿಸಿದಳೆಂದರೆ ಸಿಟ್ಟು ಇಳಿಯಿತು ಎಂದುಕೊಂಡ ಅವನು ಮುಖ ಎತ್ತಿ ನಗಲು ನೋಡಿದ. ಇಷ್ಟು ವರ್ಷ ಆ ಮನೆಯಲ್ಲಿ ಹಾಗೇ ಇತ್ತು, ಗಂಗಾಳದ ಮುಂದೆ ಕೂತವನ ಮೇಲೆ ಮಾತು ತೆಗೆಯುತ್ತಿರಲಿಲ್ಲ.

"ಹೊಟ್ಟಿ ತುಂಬ ಉಣ್ಣು," ಎಂದಳು ಮುದುಕವ್ವ ಎದುರಿಗೆ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ. "ಇನ್ನ ಮ್ಯಾಲ ನನ್ನ ಕೈಲೆ ಉಂಡಾವ್ರಿಗೂ ಬಿಡೂದಿಲ್ಲ ನಾ. ಕೈ ತೊಳಕೊಂಡು ಬಾ, ನಿಂದ ಪಾಳಿ ಮೊದಲ."